ಎತ್ತಿಗೆ ಮೂರು ಹೊತ್ತು ನೀರು, ನಮಗೆ?



ಕಳೆದ ತೊಗರಿ ರಾಶಿಯ ದಿನಗಳಲ್ಲಿ ಒಮ್ಮೆ ನಾವು ಕರಣಕೋಟದ ಆಚೆಗಿನ ಒಂದು ಹಳ್ಳಿಗೆ ಮನೆ ಭೇಟಿಗೆಂದು ಹೋಗಿದ್ದೆವು. ಮನೆಗೆ ಬೀಗ. ಎಲ್ಲರೂ ಹೊಲದಲ್ಲಿದ್ದಾರೆ ಎಂದು ಪಕ್ಕದವರು ಹೇಳಿದ್ದರಿಂದ ನಾವೂ ಹೊಲಕ್ಕೇ ನಡೆದು ಬದುವಿನ ಮೇಲೆ ಕುಳಿತೆವು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಯಜಮಾನರು ಕೆಲಸ ನಿಲ್ಲಿಸಿ, ಎತ್ತುಗಳನ್ನು ಬಿಚ್ಚಿ, ಬೋರಿನ ತೊಟ್ಟಿಗೆ ಹೊಡೆದುಕೊಂಡು ಹೋಗಿ ಹೊಟ್ಟೆ ತುಂಬ ನೀರು ಕುಡಿಸಿಕೊಂಡು ಬಂದರು. "ಇವಕ್ಕ ದಿನಕ್ಕ ಮೂರು ಹೊತ್ತು ನೀರು ಕುಡಸಬೇಕ್ರೀ ಫಾದರ್. ಇಲ್ಲಂದ್ರ ಸಗಣಿ ಗಟ್ಟಿ ಆಗ್ತದ, ಮೇವು ಮುಟ್ಟಂಗಿಲ್ಲ, ಕಣ್ಣು ಒಳಗ ಹೋಗ್ತಾವ" ಎಂದರು.

ನೀವು ಬೆಳಗಿನಿಂದ ಎಷ್ಟು ನೀರು ಕುಡಿದಿರಿ ಎಂದು ನಾವು ಕೇಳಿದೆವು. ಅವರು ಸ್ವಲ್ಪ ಯೋಚಿಸಿ, ಎರಡು ಸಲ ಚಹಾ ಆಗಿದೆ ಎಂದರು. ಕಾಯಿ ಬಿಡಿಸುತ್ತಿದ್ದ ಹೆಣ್ಣುಮಕ್ಕಳನ್ನು ಕೇಳಿದಾಗ ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ಉತ್ತರ ಕೊಡಲಿಲ್ಲ. ಅವರು ಏಕೆ ನಕ್ಕರೆಂಬುದು ನಮಗೆ ಆಮೇಲೆ ತಿಳಿಯಿತು. ಅದನ್ನು ಮುಂದೆ ಹೇಳುತ್ತೇವೆ.

ಈ ಸಲದ ಅಂಕಣಕ್ಕೆ ತೊಗರಿಯ ಸೊರಗು ರೋಗದ ಬಗ್ಗೆ ಬರೆಯಬೇಕೆಂದಿದ್ದೆವು. ಆ ಬದುವಿನ ಮೇಲೆ ಕುಳಿತು ಬಂದ ಮೇಲೆ ಮನಸ್ಸು ಬದಲಾಯಿತು. ಸಗಣಿ ನೋಡಿ ಎತ್ತಿಗೆ ನೀರು ಸಾಲದೆಂದು ಹೇಳಬಲ್ಲ ರೈತನು ತನ್ನ ಹೊಟ್ಟೆ ನಾಲ್ಕು ದಿನ ಕಟ್ಟಿದರೆ ಪೇಟೆಯಿಂದ ಪುಡಿ ತರಿಸುತ್ತಾನೆ. ಮೂಲವ್ಯಾಧಿಗೆ ಕೊಯ್ಯದೆ ಗುಣ ಎಂಬ ಬೋರ್ಡು ರಸ್ತೆ ಬದಿಯಲ್ಲಿ ಕಂಡರೆ ರಾಶಿಯ ದುಡ್ಡಿನಲ್ಲಿ ಒಂದು ಪಾಲನ್ನು ಅಲ್ಲಿಟ್ಟು ಬರುತ್ತಾನೆ. ತಲೆ ಸಿಡಿದರೆ ಗುಳಿಗೆ, ಮರೆವು ಬಂದರೆ ವಯಸ್ಸಿನ ಮೇಲೆ ಹಾಕುತ್ತಾನೆ. ಇವೆಲ್ಲಕ್ಕೂ ನೀರಿನ ಕೊರತೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಮೊದಲು ನೋಡಬೇಕಾದುದನ್ನು ಕೊನೆಗೂ ನೋಡದೆ ಬಿಡುತ್ತಿದ್ದೇವೆ.

ಹೊಟ್ಟೆಯೊಳಗೆ ನೀರು ಮಾಡುವ ಕೆಲಸವನ್ನು ಮೊದಲು ನೋಡೋಣ. ನಾವು ದಿನಕ್ಕೆ ಎರಡು ಲೀಟರ್ ಕುಡಿದೆವೆಂದು ಇಟ್ಟುಕೊಳ್ಳಿ. ಅದರ ಜೊತೆಗೆ ಜೊಲ್ಲು, ಜಠರದ ರಸ, ಪಿತ್ತ, ಕರುಳಿನ ರಸ ಇವೆಲ್ಲ ಸೇರಿ ಇನ್ನೂ ಆರೇಳು ಲೀಟರ್ ದ್ರವವನ್ನು ದೇಹವೇ ಕರುಳಿಗೆ ಸುರಿಯುತ್ತದೆ. ಹೀಗೆ ದಿನಕ್ಕೆ ಎಂಟೊಂಬತ್ತು ಲೀಟರ್ ಅಲ್ಲಿ ಹರಿಯುತ್ತದೆ. ಸಣ್ಣ ಕರುಳು ಇದರಲ್ಲಿ ಬಹುಪಾಲನ್ನು ಹೀರಿ ರಕ್ತಕ್ಕೆ ಮರಳಿಸುತ್ತದೆ. ಉಳಿದ ಒಂದು, ಒಂದೂವರೆ ಲೀಟರ್ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿಯೂ ಹೀರಿ, ಕೊನೆಗೆ ಮಲದೊಡನೆ ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ, ಒಂದು ಚಿಕ್ಕ ಲೋಟದಷ್ಟು. ದೊಡ್ಡ ಕರುಳು ಬಹಳ ಜಿಪುಣ. ದೇಹಕ್ಕೆ ನೀರಿನ ಬಡತನ ಬಂದಾಗ ಅದು ಇನ್ನೂ ಬಿಗಿ ಹಿಡಿಯುತ್ತದೆ. ಮಲವು ಅಲ್ಲಿ ಎಷ್ಟು ಹೊತ್ತು ಉಳಿಯುತ್ತದೋ ಅಷ್ಟು ಒಣಗುತ್ತದೆ, ಒಣಗಿದಷ್ಟೂ ಮುಂದೆ ಸರಿಯದು. ಆಮೇಲೆ ಮುಕ್ಕುವುದು, ಮುಕ್ಕಿ ಮುಕ್ಕಿ ಬುಡದ ರಕ್ತನಾಳ ಉಬ್ಬುವುದು, ಚರ್ಮ ಸೀಳುವುದು, ರಕ್ತ ಬೀಳುವುದು. ಆ ಬೋರ್ಡಿನವನಿಗೆ ಗಿರಾಕಿ ಸಿದ್ಧ.

ಇಷ್ಟು ಓದಿ ಯಾರೂ ನಾಳೆಯಿಂದ ಬರೀ ನೀರು ಕುಡಿಯತೊಡಗಬಾರದು. ನೀರು ಒಂದೇ ಸಾಕಾಗುವುದಿಲ್ಲ; ಅದನ್ನು ಹಿಡಿದಿಡುವುದು ಬೇಕು. ನಮ್ಮ ಎರೆ ಭೂಮಿಯನ್ನೇ ನೋಡಿರಿ. ಮಳೆ ಅಲ್ಲಿಯೂ ಬೀಳುತ್ತದೆ, ಮರಳು ಭೂಮಿಯಲ್ಲಿಯೂ ಬೀಳುತ್ತದೆ. ಎರೆ ಮಣ್ಣು ಹಸಿಯನ್ನು ಹಿಡಿದುಕೊಳ್ಳುವುದರಿಂದಲೇ ಮಳೆ ನಿಂತ ಮೇಲೂ ತೊಗರಿ ಪುಷ್ಯದವರೆಗೆ ನಿಲ್ಲುತ್ತದೆ. 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತಾಂಡೂರಿನ ತೊಗರಿಗೆ ಈ ಮಣ್ಣಿನ ಪುಣ್ಯವೂ ಇದೆ. ಕರುಳಿನಲ್ಲಿ ಆ ಎರೆ ಮಣ್ಣಿನ ಕೆಲಸ ಮಾಡುವುದು ನಾರು. ಜೋಳದ ರೊಟ್ಟಿ, ಸಿಪ್ಪೆಯ ಕಾಳು, ಪುಂಡಿ ಪಲ್ಯ, ಮೆಂತ್ಯ ಸೊಪ್ಪು, ಪೇರಲ ಹಣ್ಣು ಇವುಗಳ ನಾರು ನೀರನ್ನು ಹಿಡಿದು ಮಲವನ್ನು ಮೆತ್ತಗಿಡುತ್ತದೆ. ನಾವು ಹೋಗುವ ಎಷ್ಟೋ ಮನೆಗಳಲ್ಲಿ ಈಗ ರೊಟ್ಟಿ ಬಡಿಯುವ ಸಪ್ಪಳವೇ ಕೇಳುವುದಿಲ್ಲ. ಮೂರು ಹೊತ್ತೂ ಬಿಳಿ ಅನ್ನ. ಅಂಥವರು ಎಷ್ಟು ನೀರು ಕುಡಿದರೂ ಅದು ಮರಳಿನ ಮೇಲೆ ಬಿದ್ದ ಮಳೆ. ಇದಕ್ಕೆ ವಿರುದ್ಧವಾದ ತಪ್ಪನ್ನೂ ಕಂಡಿದ್ದೇವೆ. ಡಾಕ್ಟರು ಹೇಳಿದರೆಂದು ಇಸಬಗೋಲನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದವರ ಹೊಟ್ಟೆ ಮೊದಲಿಗಿಂತ ಹೆಚ್ಚು ಕಟ್ಟಿತು. ನಾರು ತಿಂದವರು ನೀರು ಕುಡಿಯಲೇಬೇಕು.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1998ರಲ್ಲಿ ಇಟಲಿಯ ವೈದ್ಯರು ಬಹುಕಾಲದ ಮಲಬದ್ಧತೆಯಿದ್ದ 117 ಮಂದಿಗೆ ಎರಡು ತಿಂಗಳ ಕಾಲ ದಿನಕ್ಕೆ 25 ಗ್ರಾಂ ನಾರಿರುವ ಒಂದೇ ಬಗೆಯ ಆಹಾರ ಕೊಟ್ಟರು. ಅರ್ಧ ಜನ ತಮಗೆ ಬೇಕಾದಷ್ಟು ಕುಡಿದರು; ಅದು ದಿನಕ್ಕೆ ಸುಮಾರು ಒಂದು ಲೀಟರಿನಷ್ಟಾಯಿತು. ಉಳಿದವರು ಸುಮಾರು ಎರಡು ಲೀಟರ್ ಕುಡಿದರು. ಎರಡೂ ಗುಂಪಿನವರಿಗೆ ಗುಣ ಕಂಡಿತು, ಎರಡು ಲೀಟರಿನವರಿಗೆ ಹೆಚ್ಚು ಕಂಡಿತು. ಇಲ್ಲಿ ಒಂದು ಮಾತು ಗಮನಿಸಿರಿ. ಮೊದಲೇ ಸಾಕಷ್ಟು ಕುಡಿಯುವವನು ಇನ್ನೂ ಎರಡು ಲೀಟರ್ ಕುಡಿದರೆ ಅದು ಮೂತ್ರವಾಗಿ ಹೋಗುತ್ತದೆ, ಅಷ್ಟೆ. ಕಡಿಮೆ ಕುಡಿಯುವವನಿಗೇ ಲಾಭ. ನಮ್ಮ ಧರ್ಮಕೇಂದ್ರದಲ್ಲಿ ಕಡಿಮೆ ಕುಡಿಯುವವರೇ ಹೆಚ್ಚು ಎಂದು ತೋರುವುದರಿಂದ ಇಷ್ಟು ಬರೆಯುತ್ತಿದ್ದೇವೆ.

ಇನ್ನು ತಲೆಯ ವಿಷಯ. ಇದರಲ್ಲಿ ನಮ್ಮದೇ ಒಂದು ಕಥೆಯಿದೆ. ಒಂದು ಏಪ್ರಿಲ್ ತಿಂಗಳ ಭಾನುವಾರ ಮೂರು ಹಳ್ಳಿಗಳಲ್ಲಿ ಮೂರು ಬಲಿಪೂಜೆ ಅರ್ಪಿಸಬೇಕಾಗಿತ್ತು. ಹೋದಲ್ಲೆಲ್ಲ ಪ್ರೀತಿಯಿಂದ ಚಹಾ ಕೊಟ್ಟರು, ನಾವೂ ಕುಡಿದೆವು. ಮೂರನೆಯ ಹಳ್ಳಿಯಲ್ಲಿ ಪ್ರಬೋಧನೆಯ ನಡುವೆ ಮಾತು ನಿಂತುಹೋಯಿತು. ಏನು ಹೇಳುತ್ತಿದ್ದೆವು, ಮುಂದೇನು ಹೇಳಬೇಕು, ಒಂದೂ ನೆನಪಾಗಲಿಲ್ಲ. ಜನರು ನಾವು ಮೌನ ಧ್ಯಾನ ಮಾಡುತ್ತಿದ್ದೇವೆಂದು ತಿಳಿದು ತಾವೂ ಕಣ್ಣು ಮುಚ್ಚಿದರು. ದೇವರ ದಯೆ! ಸಂಜೆ ತಲೆನೋವಿಗೆ ಗುಳಿಗೆ ಕೇಳಲು ದವಾಖಾನೆಯ ಸಿಸ್ಟರ್ ಬಳಿಗೆ ಹೋದರೆ, ಅವರು ಗುಳಿಗೆ ಕೊಡುವ ಮೊದಲು ಮೂತ್ರದ ಬಣ್ಣ ಯಾವುದೆಂದು ಕೇಳಿದರು. ಐವತ್ತು ದಾಟಿದ ಗುರುವಿಗೆ ಇಂಥ ಪ್ರಶ್ನೆಯೇ ಎಂದು ಮೊದಲು ಮುಜುಗರವಾಯಿತು. ಚಹಾದ ಬಣ್ಣ ಎಂದು ಒಪ್ಪಿಕೊಂಡೆವು. ಅವರು ಎರಡು ಲೋಟ ನೀರು ಕೊಟ್ಟು ಅಲ್ಲಿಯೇ ಕೂರಿಸಿದರು.

ಚಹಾವೂ ನೀರೇ, ಅದು ಲೆಕ್ಕಕ್ಕೆ ಬಾರದೆಂದು ಹೇಳುವುದು ಸರಿಯಲ್ಲ. ಆದರೆ ನಮ್ಮ ಕಡೆಯ ಚಹಾ ಕಪ್ಪನ್ನು ನೀವು ಬಲ್ಲಿರಿ. ನಾಲ್ಕು ಕಪ್ಪು ಸೇರಿದರೆ ಒಂದು ಲೋಟ.

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು ಈ ಬಗ್ಗೆ ಆರೋಗ್ಯವಂತ ಯುವಕ ಯುವತಿಯರನ್ನು ಪರೀಕ್ಷಿಸಿ 2011 ಮತ್ತು 2012ರಲ್ಲಿ ಪ್ರಕಟಿಸಿದರು. ಗಂಡಸರಲ್ಲಿ ದೇಹದ ತೂಕದ ನೂರಕ್ಕೆ ಸುಮಾರು ಒಂದೂವರೆ ಭಾಗದಷ್ಟು ನೀರು ಹೋದಾಗಲೇ ಎಚ್ಚರ ತಪ್ಪತೊಡಗಿತು, ಕ್ಷಣದ ಮಾತನ್ನು ಮನಸ್ಸಿನಲ್ಲಿ ಹಿಡಿದಿಡುವುದು ನಿಧಾನವಾಯಿತು, ಆಯಾಸ ಹೆಚ್ಚಿತು. ಹೆಂಗಸರಲ್ಲಿ ಅದಕ್ಕಿಂತ ತುಸು ಕಡಿಮೆ ಹೋದಾಗಲೇ ತಲೆನೋವು ಬಂತು, ಮನಸ್ಸು ಕುಗ್ಗಿತು, ಕೆಲಸ ಕಷ್ಟವೆನಿಸಿತು, ಗಮನ ನಿಲ್ಲಲಿಲ್ಲ. ಆದರೆ ಲೆಕ್ಕ, ನೆನಪಿನ ಪರೀಕ್ಷೆಗಳಲ್ಲಿ ಹೆಂಗಸರು ಹೆಚ್ಚೇನೂ ಸೋಲಲಿಲ್ಲ. ತಲೆ ನೋಯುತ್ತಿದ್ದರೂ ಕೆಲಸ ಕೆಡಿಸದೆ ಮುಗಿಸುವುದು ಅವರಿಗೆ ಅಲ್ಲಿಯೂ ರೂಢಿಯಿರಬೇಕು. ಐವತ್ತು ಕಿಲೋ ತೂಗುವ ತಾಯಿಗೆ ಈ ಕೊರತೆ ಎಂದರೆ ಮುಕ್ಕಾಲು ಲೀಟರಿಗಿಂತ ಕಡಿಮೆ, ಮೂರು ಲೋಟ ಕೂಡ ಇಲ್ಲ. ಎರಡು ತಾಸು ಬಿಸಿಲಿನಲ್ಲಿ ಕಳೆ ತೆಗೆದರೆ ಬೆವರಿನಲ್ಲಿ ಅಷ್ಟು ಹೋಗಿಬಿಡುತ್ತದೆ. ನೀರಡಿಕೆ ಕೂಡ ಹೆಚ್ಚು ಕಡಿಮೆ ಅಷ್ಟು ಹೋದ ಮೇಲೆಯೇ ಎಚ್ಚರಿಸುತ್ತದೆ. ವಯಸ್ಸಾದವರಲ್ಲಿ ಅದು ಇನ್ನೂ ತಡ. ಆದಕಾರಣ ಮನೆಯ ಹಿರಿಯರು ತಾವಾಗಿ ಕೇಳಲಿ ಎಂದು ಕಾಯಬಾರದು, ಲೋಟ ತಂದು ಕೈಗೆ ಕೊಡಬೇಕು.

ಸ್ಪೇನಿನಲ್ಲಿ 55ರಿಂದ 75 ವರ್ಷದ, ಮೈ ತೂಕ ಹೆಚ್ಚಿದ್ದ 1,957 ಮಂದಿಯನ್ನು ಎರಡು ವರ್ಷ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹದಲ್ಲಿ ನೀರು ಕಡಿಮೆಯಿದ್ದವರ ಬುದ್ಧಿಯ ಚುರುಕು ಇತರರಿಗಿಂತ ಹೆಚ್ಚು ಕುಗ್ಗಿತ್ತು. ನೀರು ಕಡಿಮೆಯಾದದ್ದರಿಂದಲೇ ಹಾಗಾಯಿತೆಂದು ಇದರಿಂದ ಸಾಧಿಸಲಾಗದು. ನೀರು ಕುಡಿದರೆ ಹೋದ ನೆನಪು ಮರಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ಹಾಗಾದರೆ ನಮ್ಮವರು ಏಕೆ ಕುಡಿಯುವುದಿಲ್ಲ? ಆ ಹೊಲದ ಹೆಣ್ಣುಮಕ್ಕಳ ನಗುವಿನ ಅರ್ಥವನ್ನು ಅವರಲ್ಲಿ ಹಿರಿಯಳೊಬ್ಬಳು ಹೊರಡುವಾಗ ನಮಗೆ ಹೇಳಿದಳು. "ಕುಡದ್ರ ಹೋಗಬೇಕಲ್ರೀ ಫಾದರ್. ಸುತ್ತ ನಾಲ್ಕೂ ಕಡಿ ಗಂಡಸರು. ತೊಗರಿ ಎತ್ತರ ಇದ್ದಾಗ ನಡೀತದ, ಕೊಯ್ದ ಮ್ಯಾಲ ಎಲ್ಲಿ ಮರಿ ಅದ?" ಬೆಳಿಗ್ಗೆ ಮನೆ ಬಿಡುವ ಮುನ್ನ ಬಾಯಿ ತೊಯ್ಯುವಷ್ಟು ಕುಡಿದು, ಸಂಜೆ ಕತ್ತಲಾಗುವವರೆಗೆ ಹಿಡಿದುಕೊಂಡಿರುತ್ತಾರೆ. ಮೂವತ್ತು ವರ್ಷಗಳಿಂದ ಹೀಗೆಯೇ ಎಂದಳು. ಆಕೆಗೆ ಮಲಬದ್ಧತೆ ಇದೆ, ಉರಿಮೂತ್ರವಿದೆ, ದಿನವೂ ಸಂಜೆ ತಲೆನೋವು. ಮೂರಕ್ಕೂ ಮೂರು ಕಡೆ ಔಷಧಿ ತರುತ್ತಾಳೆ. ನಾವು ಇಷ್ಟು ವರ್ಷ ಮನೆ ಭೇಟಿ ಮಾಡಿಯೂ ಇದನ್ನು ಕೇಳಿರಲಿಲ್ಲ.

ಶಾಲೆಯ ಹೆಣ್ಣುಮಕ್ಕಳ ಕಥೆಯೂ ಅದೇ. ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ತಲೆ ಸುತ್ತಿ ಬಿದ್ದಳು. ಊಟ ಮಾಡಿದ್ದಳು, ಜ್ವರವಿರಲಿಲ್ಲ. ಸಿಸ್ಟರ್ ವಿಚಾರಿಸಿದಾಗ, ಶಾಲೆಯ ಪಾಯಖಾನೆಗೆ ಚಿಲಕವಿಲ್ಲ, ನೀರೂ ಇಲ್ಲ, ಅದಕ್ಕೆ ಮಧ್ಯಾಹ್ನ ಊಟಕ್ಕೂ ನೀರು ಕುಡಿಯುವುದಿಲ್ಲ ಎಂದಳು. ರಜೆಯ ದಿನವೂ ಅದೇ ರೂಢಿ ಉಳಿದಿತ್ತು. ಕೇರಳದ ಶಾಲೆಗಳು 2019ರಲ್ಲಿ ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ತಂದವು, ಅದೇ ವರ್ಷ ಕರ್ನಾಟಕವೂ ಅದನ್ನು ಎತ್ತಿಕೊಂಡಿತು. ಒಳ್ಳೆಯ ಪದ್ಧತಿಯೇ. ಆದರೆ ಚಿಲಕವಿಲ್ಲದ ಕಡೆ ಗಂಟೆ ಬಾರಿಸಿ ಏನು ಪ್ರಯೋಜನ?

ಇನ್ನೊಂದು ಕಾರಣ ನಮ್ಮ ನೆಲದ್ದು. ಇಲ್ಲಿ ಅಗೆದಲ್ಲಿ ಸುಣ್ಣಕಲ್ಲು. ಪರ್ಸಿ ಗಣಿಗಳೂ ಸಿಮೆಂಟ್ ಕಾರ್ಖಾನೆಗಳೂ ಬಂದದ್ದು ಅದಕ್ಕಾಗಿಯೇ. ಬೋರಿನ ನೀರು ಗಡಸು. ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಈ ನೀರು ಹೆಚ್ಚು ಕುಡಿದರೆ ಮೂತ್ರಪಿಂಡದಲ್ಲಿಯೂ ಹೀಗೆಯೇ ಕಲ್ಲು ಕಟ್ಟುತ್ತದೆ ಎಂದು ಹೆದರಿ ಕಡಿಮೆ ಕುಡಿಯುವವರನ್ನು ನಾವು ಬಲ್ಲೆವು. ಇದು ತಿರುಗುಮುರುಗಾದ ಲೆಕ್ಕ. ಮೂತ್ರ ಕಡಿಮೆಯಾಗಿ ಮಂದವಾದಷ್ಟೂ ಕಲ್ಲು ಕಟ್ಟುವುದು ಸುಲಭ. ಇಟಲಿಯಲ್ಲಿ ಮೊದಲ ಸಲ ಕಲ್ಲಾದ 199 ಮಂದಿಯನ್ನು ಐದು ವರ್ಷ ನೋಡಿ 1996ರಲ್ಲಿ ಪ್ರಕಟಿಸಿದರು: ಹೆಚ್ಚು ನೀರು ಕುಡಿದವರಲ್ಲಿ ನೂರಕ್ಕೆ 12 ಮಂದಿಗೆ ಕಲ್ಲು ಮರಳಿತು, ಹಾಗೆ ಕುಡಿಯದವರಲ್ಲಿ 27 ಮಂದಿಗೆ. ಮಿಷನ್ ಭಗೀರಥದ ನಲ್ಲಿ ಮನೆಗೆ ಬಂದವರು ಕುಡಿಯಲು ಅದನ್ನೇ ಬಳಸಿರಿ. ಬೋರೊಂದೇ ಗತಿಯಾದವರು ಅದನ್ನು ಪರೀಕ್ಷೆ ಮಾಡಿಸಿರಿ. ಕುಡಿಯುವುದನ್ನಂತೂ ಕಡಿಮೆ ಮಾಡಬೇಡಿರಿ.

ಮೂರನೆಯದು ನಮ್ಮ ಅಜ್ಜಿಯಂದಿರದು, ಇದರಲ್ಲಿ ಗುರುಗಳ ತಪ್ಪೂ ಇದೆ. ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಒಂದು ಹನಿ ನೀರೂ ಮುಟ್ಟಬಾರದೆಂದು ಹಿಂದೆ ಕಲಿಸಿದ್ದು ನಿಜ. ಆದರೆ ನೀರು ಉಪವಾಸವನ್ನು ಮುರಿಯುವುದಿಲ್ಲವೆಂದು ಜಗದ್ಗುರು ಹನ್ನೆರಡನೇ ಪಿಯೂಸರು 1953ರಲ್ಲೇ ತಿಳಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿಯಲ್ಲಿ ಒಂದು ಗಂಟೆಯ ಉಪವಾಸವಿದೆ. ಅದರಲ್ಲಿಯೂ ನೀರು ಮತ್ತು ಔಷಧಿಗೆ ಅಡ್ಡಿಯಿಲ್ಲ. ಹೊಸದನ್ನು ಹೇಳುವಾಗ ನಾವು ಹಳೆಯದನ್ನು ಕಲಿಸಿದಷ್ಟು ಗಟ್ಟಿಯಾಗಿ ಹೇಳಲಿಲ್ಲ. ಬಿಸಿಲಿನಲ್ಲಿ ಮೂರು ಮೈಲಿ ನಡೆದು ಬರುವ ಅಜ್ಜಿ ಈಗಲೂ ಒಣ ಬಾಯಿಯಲ್ಲಿ ಬಂದು ಕುಳಿತುಕೊಳ್ಳುತ್ತಾಳೆ. ಅವ್ವಂದಿರೇ, ನೀರು ಕುಡಿದು ಬನ್ನಿರಿ. ಇದು ಪಾಪವಲ್ಲ.

ಸಂತ ಪೌಲರು ತಿಮೊಥೇಯನಿಗೆ ಬರೀ ನೀರು ಬೇಡ, ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದದ್ದನ್ನು ಮಾತ್ರ ನಮ್ಮ ಕೆಲವು ಗಂಡಸರು ಚೆನ್ನಾಗಿ ನೆನಪಿಟ್ಟಿದ್ದಾರೆ. ಅವರಿಗೊಂದು ಮಾತು. ಹೆಂಡ, ಸಾರಾಯಿ ದೇಹದ ನೀರನ್ನು ಮೂತ್ರವಾಗಿ ಇನ್ನಷ್ಟು ಹೊರಗೆ ತಳ್ಳುತ್ತವೆ. ಮರುದಿನ ಬೆಳಗಿನ ತಲೆನೋವಿನಲ್ಲಿ ಅದರದೂ ಪಾಲಿದೆ.

ಭೇದಿಯಾದಾಗ ನೀರು ನಿಲ್ಲಿಸುವವರ ಬಗ್ಗೆಯೂ ಹೇಳಲೇಬೇಕು. ಕುಡಿದದ್ದೆಲ್ಲ ಹೊರಗೆ ಹೋಗುತ್ತದೆ, ಮಗುವಿಗೆ ಏನೂ ಕೊಡಬೇಡ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಮಕ್ಕಳು ಸಾಯುವುದು ಹೀಗೆಯೇ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸೂಜಿಯ ಗ್ಲೂಕೋಸ್ ಬಾಟಲಿಗಳು ಮುಗಿದುಹೋದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಬರೀ ನೀರನ್ನು ಹೀರಲಾರದ ಕರುಳು, ಸಕ್ಕರೆ ಮತ್ತು ಉಪ್ಪು ಕೂಡಿ ಒಳಗೆ ಹೋಗುವಾಗ ಅವುಗಳ ಹಿಂದೆ ನೀರನ್ನೂ ಎಳೆದುಕೊಳ್ಳುತ್ತದೆ. ಓಆರ್‌ಎಸ್ ಪೊಟ್ಟಣ ಸಿಕ್ಕದ ರಾತ್ರಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮ ಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕೊಡುತ್ತಲೇ ಇರಿ. ತಾಯಿಹಾಲು ನಿಲ್ಲಿಸಬೇಡಿ.

ಎಷ್ಟು ಕುಡಿಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಆರೋಗ್ಯವಂತರಿಗೆ ದಿನಕ್ಕೆ ಸುಮಾರು ಎಂಟು ಲೋಟ, ಎಂದರೆ ಎರಡು ಲೀಟರ್ ಎನ್ನುತ್ತದೆ. ಬಿಸಿಲಿನಲ್ಲಿ, ದುಡಿಮೆಯಲ್ಲಿ ಇನ್ನೂ ಹೆಚ್ಚು ಬೇಕು. ಅಮೆರಿಕದಲ್ಲಿ ಬಿಸಿಲಿನಲ್ಲಿ ದುಡಿಯುವವರಿಗೆ ಹೇಳುವುದು 15–20 ನಿಮಿಷಕ್ಕೊಂದು ಲೋಟ, ಆದರೆ ಒಂದು ಗಂಟೆಯಲ್ಲಿ ಒಂದೂವರೆ ಲೀಟರ್ ದಾಟಬಾರದು. ಒಂದೇ ಸಲ ಕೊಡಗಟ್ಟಲೆ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಅಪಾಯವಾದೀತು. ನಮ್ಮ ಹಿರಿಯರು ಹೊಲಕ್ಕೆ ಒಯ್ಯುತ್ತಿದ್ದ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಹೃದಯ ಸೋತವರು, ಮೂತ್ರಪಿಂಡದ ರೋಗವಿರುವವರು, ಡಯಾಲಿಸಿಸ್ ಮೇಲಿರುವವರು ಈ ಲೇಖನ ನೋಡಿ ನೀರು ಹೆಚ್ಚಿಸಬಾರದು. ಅವರಿಗೆ ಡಾಕ್ಟರು ಹೇಳಿದ ಅಳತೆಯೇ ಅಳತೆ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಇದ್ದಕ್ಕಿದ್ದಂತೆ ಹೊಟ್ಟೆಯ ರೂಢಿ ಬದಲಾದರೆ ನೀರು ಕುಡಿದು ನೋಡೋಣವೆಂದು ಕೂರದೆ ದೊಡ್ಡ ಆಸ್ಪತ್ರೆಗೆ ಹೋಗಿರಿ.

ಕೂಲಿಗೆ ಜನ ಕರೆಯುವ ನಮ್ಮ ರೈತರಲ್ಲಿ ಒಂದು ಬೇಡಿಕೆ. 2005ರ ಉದ್ಯೋಗ ಖಾತರಿ ಕಾಯ್ದೆ ಬರೆದವರು ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು ಇರಬೇಕೆಂದು ಸೇರಿಸಿದ್ದರು. ಸರ್ಕಾರದ ಕೆರೆ ಹೂಳೆತ್ತುವವರಿಗೆ ಇದ್ದ ಹಕ್ಕು ನಿಮ್ಮ ಹೊಲದ ಕಳೆ ತೆಗೆಯುವವಳಿಗೂ ಇರಲಿ. ಒಂದು ಮಣ್ಣಿನ ಕೊಡ, ಮುಚ್ಚಳ, ಹಿಡಿಕೆಯ ಲೋಟ. ಅದರ ಜೊತೆಗೆ ಬದುವಿನ ಮೂಲೆಯಲ್ಲಿ ನಾಲ್ಕು ತೊಗರಿ ಕಟ್ಟಿಗೆ ನೆಟ್ಟು ಹಳೆಯ ಸೀರೆ ಕಟ್ಟಿದ ಮರೆ. ಇದನ್ನು ಬರೆಯುವ ಮೊದಲು ಆ ಹೊಲದ ಯಜಮಾನರಿಗೆ ಹೇಳಿದೆವು. ಕೊಡ ಇಡುತ್ತೇನೆ ಎಂದು ಕೂಡಲೇ ಒಪ್ಪಿದರು. ಮರೆ ಕಟ್ಟುವ ಮಾತಿಗೆ ಮುಖ ಆಚೆ ತಿರುಗಿಸಿದರು. ಅವರ ಹೆಂಡತಿ ಕಟ್ಟುತ್ತೇನೆ ಎಂದಿದ್ದಾಳೆ.

ನಮ್ಮ ಕಡೆಯ ಬಾಕಿಯೂ ಇದೆ. ದೇವಾಲಯದ ಹಿಂದಿನ ಪಾಯಖಾನೆಗೆ, ಊರವರೆಲ್ಲ ಬಳಸಿ ಹೊಲಸು ಮಾಡುತ್ತಾರೆಂದು ನಾವೇ ಎರಡು ವರ್ಷದಿಂದ ಬೀಗ ಹಾಕಿಸಿದ್ದೆವು. ಬರುವ ಭಾನುವಾರದಿಂದ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಒಂದರವರೆಗೆ, ಧರ್ಮೋಪದೇಶದ ತರಗತಿ ಇರುವ ದಿನಗಳಲ್ಲಿ ಸಂಜೆಯೂ ಅದು ತೆರೆದಿರುತ್ತದೆ. ಒಳಗೆ ಹೊಸ ಚಿಲಕ ಹಾಕಿಸಿದ್ದೇವೆ. ದೇವಾಲಯದ ಬಾಗಿಲಿನ ಎಡಗಡೆ ಎರಡು ಕೊಡ ನೀರು ಇಟ್ಟಿರುತ್ತದೆ. ತುಂಬಿಸುವ ಸರದಿಯನ್ನು ಈ ಸಲ ಯುವಕರ ಸಂಘದವರು ವಹಿಸಿಕೊಂಡಿದ್ದಾರೆ. ಹೆಣ್ಣುಮಕ್ಕಳಿಗೆ ಹಚ್ಚಬಾರದೆಂದು ಅವರಿಗೆ ಹೇಳಿದ್ದೇವೆ.